ನಿಧಾನಣ್ಣ ಕುಡಿದಿರಲಿಲ್ಲ, ಸಚಿವರೇ

ಮಾನ್ಯ ಸಾರಿಗೆ ಸಚಿವರೇ,

ಸತ್ತ ಮನುಷ್ಯನೊಬ್ಬನಿಗೆ ನೀವು ಹದಿನಾಲ್ಕು ತಿಂಗಳಿಂದ ಕುಡಿಸುತ್ತಲೇ ಇದ್ದೀರಿ. ಬದುಕಿದ್ದಾಗ ಒಂದು ತೊಟ್ಟೂ ಮುಟ್ಟದವರನ್ನು ಸತ್ತ ಮೇಲೆ ವೇದಿಕೆಯಿಂದ ವೇದಿಕೆಗೆ, ಮೈಕಿನಿಂದ ಮೈಕಿಗೆ ಎಳೆದೊಯ್ದು ಕುಡಿಸಿದ್ದೀರಿ. ಇನ್ನಾದರೂ ನಿಲ್ಲಿಸಿ ಎಂದು ಹೇಳಲು ಈ ಪತ್ರ. ಇದೇ ಮಾತನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದು ಕಳಿಸಿದ್ದೆ. ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದದ ಉತ್ತರ ಬಂತು. ಅಂಟಿಸಿದ ಲಕೋಟೆಯನ್ನು ಒಡೆಯುವಷ್ಟು ಬಿಡುವು ನಿಮಗಿಲ್ಲವೆಂದು ಕಾಣುತ್ತದೆ; ಹಾಗಾಗಿ ಈ ಸಲ ತೆರೆದೇ ಬರೆಯುತ್ತಿದ್ದೇನೆ.

ನಾನು ಬೆಳಗಿನ ಏಳೂ ಹತ್ತರ ಬಸ್ಸಿನ ಕಂಡಕ್ಟರ್. ನೀವು ಭಾಷಣದಲ್ಲಿ ದನಿ ತಗ್ಗಿಸಿ ‘ಆ ದುರಂತದ ಬಸ್ಸು’ ಎನ್ನುತ್ತೀರಲ್ಲ, ಅದರಲ್ಲಿ ನಾನಿದ್ದೆ. ಚಾಲಕನ ಸೀಟಿನಿಂದ ಎರಡು ಮೊಳ ದೂರದಲ್ಲಿ, ಕಂಬ ಹಿಡಿದು ನಿಂತಿದ್ದೆ. ನೀವೆಲ್ಲಿದ್ದಿರಿ ಎಂದು ಕೇಳುವುದಿಲ್ಲ. ಅದೇ ಬೆಳಿಗ್ಗೆ ಇನ್ನೊಂದು ಊರಿನಲ್ಲಿ ನೀವು ರಿಬ್ಬನ್ ಕತ್ತರಿಸುತ್ತಿದ್ದ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ನಗು ಚೆನ್ನಾಗಿ ಮೂಡಿದೆ.

ಆ ಚಾಲಕರನ್ನು ಡಿಪೋದಲ್ಲಿ ಎಲ್ಲರೂ ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಬಿದ್ದದ್ದು ಹೊಗಳಿಕೆಯಿಂದಲ್ಲ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರ ಬಸ್ಸು ಒಂದು ದಿನವೂ ಹೊತ್ತಿಗೆ ಮುಂಚೆ ತಲುಪಿದ್ದಿಲ್ಲ. ಪ್ರಯಾಣಿಕರು ಹಿಂದಿನಿಂದ ಕೂಗುತ್ತಿದ್ದರು: “ಅಣ್ಣಾ, ಇಳಿದು ತಳ್ಳಬೇಕಾ?” ಅವರು ಕನ್ನಡಿಯಲ್ಲಿ ನೋಡಿ ಅನ್ನುತ್ತಿದ್ದರು: “ತಳ್ಳಿ ಸ್ವಾಮಿ, ಆದ್ರೆ ನಿಧಾನಕ್ಕೆ.” ಅವರು ಕುಡಿಯದಿದ್ದುದು ಸಂತರಾಗಿದ್ದಕ್ಕೇನಲ್ಲ; ಹೊಟ್ಟೆಹುಣ್ಣಿನ ಮನುಷ್ಯ. ಖಾರ ಕಂಡರೆ ಹೆದರುತ್ತಿದ್ದರು. ಒಮ್ಮೆ ಕೆಮ್ಮಿಗೆ ಸಿರಪ್ ಕುಡಿದಿದ್ದಕ್ಕೆ, ತಲೆ ಭಾರವಾಗಿದೆ ಎಂದು ಡಿಪೋ ಮ್ಯಾನೇಜರ ಮುಂದೆ ರಜೆ ಅರ್ಜಿ ಹಿಡಿದು ನಿಂತಿದ್ದರು. “ಸಿರಪ್‌ಗೆಲ್ಲಾ ರಜೆ ಕೊಡೋಕಾಗುತ್ತೇನ್ರೀ?” ಎಂದು ಮ್ಯಾನೇಜರು ನಕ್ಕರು. ಅಣ್ಣ ನಗಲಿಲ್ಲ. “ನನ್ನ ಹಿಂದೆ ಐವತ್ತು ಜನ ಕೂತಿರ್ತಾರೆ ಸಾರ್” ಎಂದರು. ರಜೆ ಸಿಗಲಿಲ್ಲ, ಸಂಬಳವಿಲ್ಲದ ಗೈರುಹಾಜರಿ ಹಾಕಿಸಿಕೊಂಡು ಮನೆಗೆ ಹೋದರು. ಇಂಥವರನ್ನು ನೀವು ಕುಡುಕನೆಂದಿರಿ.

ಆ ಬೆಳಿಗ್ಗೆ ಏನಾಯಿತೆಂದು ನಿಮಗೆ ಗೊತ್ತು. ಆದರೂ ಹೇಳುತ್ತೇನೆ. ಯಾಕೆಂದರೆ ಇದನ್ನು ಓದುವ ಬೇರೆಯವರಿಗೆ ಗೊತ್ತಿಲ್ಲ, ಮತ್ತು ಗೊತ್ತಾಗದ ಹಾಗೆ ನೋಡಿಕೊಂಡದ್ದು ನೀವು. ಇಳಿಜಾರಿನ ಎರಡನೇ ತಿರುವಿನಲ್ಲಿ ಅಣ್ಣನ ಕಾಲು ಬ್ರೇಕನ್ನು ಒತ್ತುವುದು, ಅದು ತಳಕ್ಕೆ ತಾಗಿ ಟಪ್ ಎನ್ನುವುದು ನನಗೆ ಕೇಳಿಸಿತು. ಇನ್ನೊಮ್ಮೆ ಟಪ್. ಮೂರನೆಯ ಸಲ ಅವರು ತಿರುಗದೆಯೇ ಹೇಳಿದರು: “ತಂಗೀ, ಎಲ್ರನ್ನೂ ಹಿಂದಕ್ಕೆ ಕಳಿಸು. ಕಿರುಚಬೇಡ, ಬೇಗ ಕಳಿಸು.” ನಾನು ಕಿರುಚಿದೆ. ಕೆಲವರು ಬೈದರು, ಹೆಚ್ಚಿನವರು ಎದ್ದು ಹಿಂದಕ್ಕೆ ನುಗ್ಗಿದರು. ಅಣ್ಣ ಗೇರು ಇಳಿಸುತ್ತಾ ಇಳಿಸುತ್ತಾ ಬಸ್ಸನ್ನು ಕಣಿವೆಯ ಕಡೆಯಿಂದ ಎಳೆದು ಗುಡ್ಡದ ಕಲ್ಲುಗೋಡೆಗೆ ಒತ್ತಿದರು. ಒತ್ತಿದ್ದು ತಾವು ಕೂತಿದ್ದ ಬದಿಯನ್ನೇ. ಗೋಡೆ ಬಸ್ಸನ್ನು ಉಜ್ಜಿ ಉಜ್ಜಿ ನಿಲ್ಲಿಸಿತು. ಅಣ್ಣ ಹೋದರು. ಅವರ ಹಿಂದಿನ ಸೀಟಿನಲ್ಲಿ ಕೂತಿದ್ದ, ಏಳಲು ತಡಮಾಡಿದ ವಯಸ್ಸಾದ ಗಂಡಹೆಂಡಿರು ಹೋದರು. ಐವತ್ತನಾಲ್ಕು ಜನ ಉಳಿದೆವು. ನನ್ನ ಭುಜದ ಮೂಳೆ ಮುರಿದಿತ್ತು, ಹಣೆ ಸೀಳಿತ್ತು.

ಮಧ್ಯಾಹ್ನ ನೀವು ಆಸ್ಪತ್ರೆಗೆ ಬಂದಿರಿ. ನಮ್ಮ ವಾರ್ಡಿನೊಳಗಲ್ಲ, ಬಾಗಿಲವರೆಗೆ. ಅಲ್ಲಿ ಪತ್ರಕರ್ತರೊಬ್ಬರು, ಬಸ್ಸು ಹಳೆಯದಾಗಿತ್ತಂತೆ ಹೌದೇ ಎಂದು ಕೇಳಿದರು. ಅದಕ್ಕೂ ಎರಡು ವಾರ ಮುಂಚೆಯಷ್ಟೇ ನೀವು ‘ನಮ್ಮ ರಸ್ತೆಗಳ ಮೇಲೆ ಈಗ ಒಂದೇ ಒಂದು ಹಳೆಯ ಬಸ್ಸೂ ಇಲ್ಲ’ ಎಂದು ಸಾರಿದ್ದಿರಿ. ಆ ಸುಳ್ಳಿಗೆ ಊರುಗೋಲು ಬೇಕಾಗಿತ್ತು. ನೀವು ಹೇಳಿದಿರಿ: “ಚಾಲಕ ಮದ್ಯಪಾನ ಮಾಡಿದ್ದನೆಂಬ ಪ್ರಾಥಮಿಕ ಮಾಹಿತಿ ಇದೆ.” ಆ ಹೊತ್ತಿಗೆ ಅಣ್ಣನ ದೇಹ ಇನ್ನೂ ತಳ್ಳುಗಾಡಿಯ ಮೇಲೆ, ಎಕ್ಸ್‌ರೇ ಕೋಣೆಯ ಪಕ್ಕದ ಓಣಿಯಲ್ಲಿತ್ತು. ಪರೀಕ್ಷೆಗೆ ರಕ್ತ ತೆಗೆದದ್ದು ಸಂಜೆ ನಾಲ್ಕಕ್ಕೆ. ನಾಲ್ಕಕ್ಕೆ ತೆಗೆದ ರಕ್ತದ ಮಾಹಿತಿ ನಿಮಗೆ ಒಂದೂವರೆಗೆ ಬಂದ ಬಗೆ ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ಸತ್ತಿತ್ತು, ಅರಚುವ ಹಾಗೂ ಇರಲಿಲ್ಲ.

ನಿಮ್ಮ ಆ ವಾಕ್ಯ ಬೆಳೆದ ರೀತಿಯನ್ನು ನಾನು ಆಸ್ಪತ್ರೆಯ ಮಂಚದಿಂದ, ಆಮೇಲೆ ನನ್ನ ಅಕ್ಕನ ಮನೆಯ ಸೋಫಾದಿಂದ ಗಮನಿಸುತ್ತಾ ಬಂದೆ. ಮೊದಲ ವಾರ ‘ಪ್ರಾಥಮಿಕ ಮಾಹಿತಿ’ ಇತ್ತು. ಎರಡನೇ ವಾರ ‘ಪ್ರಾಥಮಿಕ’ ಉದುರಿತು. ತಿಂಗಳಿಗೆ ‘ಮಾಹಿತಿ’ಯೂ ಉದುರಿ ‘ಕುಡಿದ ಚಾಲಕ’ ಉಳಿದ. ಮೂರು ತಿಂಗಳಿಗೆ ಅವನು ‘ಕಂಠಪೂರ್ತಿ ಕುಡಿದ ಚಾಲಕ’ನಾದ. ಸದನದಲ್ಲಿ ಪ್ರಶ್ನೆ ಬಂದಾಗ ಅದೇ ಮಾತು, ಶಾಲೆಯ ಕಟ್ಟಡ ಉದ್ಘಾಟಿಸುವಾಗ ಅದೇ ಮಾತು. ಕೊನೆಗೆ ಆಸ್ಪತ್ರೆಯ ಹೊಸ ವಾರ್ಡು ತೆರೆಯುವಾಗಲೂ ಅದೇ. ಮಗು ಕೂಡ ಇಷ್ಟು ಬೇಗ ಬೆಳೆಯುವುದಿಲ್ಲ.

ಅಕ್ಕ ತಟ್ಟೆ ಹಿಡಿದು ನನ್ನ ಪಕ್ಕ ಕೂತು ಟೀವಿ ನೋಡುತ್ತಿದ್ದವಳು ಒಂದು ದಿನ ಕೇಳಿದಳು: “ಅಲ್ವೇ, ಅಷ್ಟು ದೊಡ್ಡವರು ಸುಮ್‌ಸುಮ್ನೆ ಹೇಳ್ತಾರಾ?”

“ನಾನು ಪಕ್ಕದಲ್ಲೇ ಇದ್ದೆ ಕಣೇ. ನಾನು ಹೇಳ್ತಿದೀನಲ್ಲ?”

“ನೀನು ಹೇಳ್ತೀಯ. ಆದ್ರೆ ನೀನು...” ಎಂದು ನಿಲ್ಲಿಸಿದಳು. ನೀನು ನಮ್ಮ ಮನೆಯವಳು, ತಲೆಗೆ ಪೆಟ್ಟು ಬಿದ್ದವಳು, ಟೀವಿಯಲ್ಲಿ ಬರದವಳು: ಇಷ್ಟನ್ನೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ತಟ್ಟೆಯಲ್ಲಿದ್ದುದನ್ನು ಕಲಸುತ್ತಾ ಕೂತಳು. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು ಸಚಿವರೇ. ನಿಮ್ಮನ್ನು ಒಂದು ಸಲವೂ ಕಂಡವಳಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕೆಲವು ದಿನಗಳ ನಂತರ, ಅದೇ ಸೋಫಾದಲ್ಲಿ ಅದೇ ಭಾಷಣ ಕೇಳುತ್ತಾ, ಆ ಬೆಳಗನ್ನು ಮತ್ತೆ ನೆನೆಸಿಕೊಂಡೆ. ಅಣ್ಣ ಬಸ್ಸು ಹತ್ತಿದರು, ಕನ್ನಡಿ ಒರೆಸಿದರು, “ಹೊರಡೋಣ್ವಾ?” ಎಂದರು. ಅವರ ಬಾಯಿಂದ ಮದ್ಯದ ವಾಸನೆ ಬಂತು. ನಿಜವಾಗಿ, ಮೂಗಿಗೆ ಅಡರುವ ಹಾಗೆ. ಮೂರನೇ ದಿನ ಹಣೆಯ ಗಾಯಕ್ಕೆ ಪಟ್ಟಿ ಬದಲಿಸಿಕೊಳ್ಳಲು ಹೋದಾಗ ನರ್ಸಮ್ಮ ಬಾಟಲಿಯ ಮುಚ್ಚಳ ತೆಗೆದರು. ಅದೇ ವಾಸನೆ! ಗಾಯ ಒರೆಸುವ ಸ್ಪಿರಿಟ್ಟು. ನನ್ನ ತಲೆ ಅದನ್ನು ವಾರ್ಡಿನಿಂದ ಕದ್ದು ಅಣ್ಣನ ಬಾಯಿಗೆ ಹಚ್ಚಿತ್ತು. ಪಕ್ಕದಲ್ಲೇ ನಿಂತಿದ್ದವಳ ನೆನಪನ್ನೇ ಟೀವಿಯ ಮೂಲಕ ತಿದ್ದಬಲ್ಲಿರಾದರೆ, ಅಲ್ಲಿ ಇಲ್ಲದವರ ಪಾಡೇನು? ಜನ ಮೂರ್ಖರೆಂದು ದೊಡ್ಡ ದೊಡ್ಡವರು ಬರೆಯುತ್ತಾರೆ. ಆವತ್ತಿನಿಂದ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಮೂಳೆ ಕೂಡಿಕೊಂಡ ಮೇಲೆ ಅದೇ ಮಾರ್ಗಕ್ಕೆ ಮರಳಿದೆ. ಮೂರನೇ ಕಿಟಕಿಯ ಪಕ್ಕ ಒಂಬತ್ತು ವರ್ಷದಿಂದ ಕೂರುವ ಗುಮಾಸ್ತರೊಬ್ಬರಿದ್ದಾರೆ. ಅಪಘಾತದ ದಿನ ಮಗಳ ಜ್ವರದಿಂದಾಗಿ ಬಂದಿರಲಿಲ್ಲ. ನಿಧಾನಣ್ಣನನ್ನು ದಿನಾ ಕೈಗಡಿಯಾರ ತೋರಿಸಿ ಬೈಯುತ್ತಿದ್ದವರೂ ಇವರೇ. “ಕುಡಿದ್ಬಿಟ್ಟು ಜೋರಾಗಿ ಓಡಿಸಿದ್ನಂತಲ್ಲಮ್ಮ” ಎಂದರು.

“ಸಾರ್, ನಿಧಾನ ಅಂತ ಒಂಬತ್ತು ವರ್ಷ ಬೈದಿದೀರಿ. ಒಂದೇ ದಿನಕ್ಕೆ ಜೋರಾಗಿ ಹೆಂಗೆ ಓಡ್ಸಿದ್ರು?”

ಅವರು ಕಿಟಕಿಯಾಚೆ ನೋಡಿದರು. ಆಮೇಲೆ, ಪಕ್ಕದವರಿಗೆ ಕೇಳದ ಹಾಗೆ ಹೇಳಿದರು: “ನೀನು ಹೇಳೋದು ನಿಜ ಅಂತಿಟ್ಕೋ. ಬ್ರೇಕೇ ಹೋಗಿತ್ತು ಅಂತಿಟ್ಕೋ. ನಾಳೆ ನಾನು ಈ ಬಸ್ಸು ಹತ್ತೋದು ಹೆಂಗಮ್ಮ?”

ನಿಮ್ಮ ಸುಳ್ಳು ಯಾಕೆ ಬೇರೂರಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಎಲ್ಲೂ ಓದಿಲ್ಲ. ಚಾಲಕ ಕುಡಿದಿದ್ದನೆಂದರೆ ಸಮಸ್ಯೆ ಅವನೊಂದಿಗೇ ಸತ್ತಿತು. ಹತ್ತುವಾಗ ಹೊಸ ಚಾಲಕನ ಮುಖ ನೋಡಿದರಾಯಿತು, ಮೂಗು ಅರಳಿಸಿದರಾಯಿತು. ಬ್ರೇಕು ಹೋಗಿತ್ತೆಂದರೆ? ಅದು ಕಾಣುವುದಿಲ್ಲ, ನಾರುವುದಿಲ್ಲ, ಸಾಯುವುದೂ ಇಲ್ಲ, ಕಾಲಡಿಯಲ್ಲೇ ಇರುತ್ತದೆ. ಬೇರೆ ಬಸ್ಸಿಲ್ಲದ ಮನುಷ್ಯ ಯಾವುದನ್ನು ನಂಬಬೇಕು? ಕುಡಿದು ಓಡಿಸುವವರೂ ಊರಲ್ಲಿ ಇದ್ದಾರೆ, ಇಲ್ಲವೆಂದು ಯಾರು ಹೇಳಿದರು? ಕಂಡ ನಿಜದಿಂದ ಬಣ್ಣ ಎರವಲು ತಂದು ನೀವು ಕಾಣದ ಸುಳ್ಳಿಗೆ ಬಳಿದಿರಿ. ಜನ ನಿಮ್ಮನ್ನು ನಂಬಿದರೆಂದು ಬೀಗಬೇಡಿ. ಅವರು ನಂಬಿದ್ದು ನಿಮ್ಮನ್ನಲ್ಲ, ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯನ್ನು. ಅವರ ಹೆದರಿಕೆಯ ಮೇಲೆ ನೀವು ಕಾಲ ಮೇಲೆ ಕಾಲು ಹಾಕಿ ಕೂತಿದ್ದೀರಿ.

ಏಳು ತಿಂಗಳಿಗೆ ವಿಚಾರಣಾ ವರದಿ ಬಂತು; ಸಾಕ್ಷಿ ಹೇಳಿದ್ದ ನನಗೂ ಒಂದು ಪ್ರತಿ ಸಿಕ್ಕಿತು. ನೀವೇ ನೇಮಿಸಿದ ಅಧಿಕಾರಿ, ನಿಮ್ಮದೇ ಇಲಾಖೆಯ ಮೊಹರು. ಇಪ್ಪತ್ತೆರಡನೇ ಪುಟದಲ್ಲಿ ಎರಡು ಸಂಗತಿಗಳಿವೆ. ಒಂದು, ಚಾಲಕನ ರಕ್ತದಲ್ಲಿ ಮದ್ಯದ ಅಂಶ ಇರಲಿಲ್ಲ. ಎರಡು, ಬ್ರೇಕು ಹಿಡಿಯುತ್ತಿಲ್ಲವೆಂದು ಚಾಲಕ ಆ ತಿಂಗಳಲ್ಲೇ ಮೂರು ಸಲ ಡಿಪೋದ ದೂರು ಪುಸ್ತಕದಲ್ಲಿ ಬರೆದಿದ್ದ. ಮೂರು ಸಲವೂ ಎದುರಿಗೆ ‘ನೋಡಲಾಗಿದೆ’ ಎಂದು ಮೆಕ್ಯಾನಿಕ್ ಬರೆದಿದ್ದ. ನೋಡಲಾಗಿತ್ತು ನಿಜ. ದುರಸ್ತಿಗೆ ಬಿಡಿಭಾಗಗಳು ಐದು ತಿಂಗಳಿಂದ ಬಂದಿರಲಿಲ್ಲವಾದ್ದರಿಂದ ನೋಡುವುದೊಂದೇ ಸಾಧ್ಯವಿತ್ತು.

ವರದಿ ನಿಮ್ಮ ಕೈಸೇರಿದ ಹನ್ನೊಂದನೇ ದಿನ ನಮ್ಮ ಹೊಸ ನಿಲ್ದಾಣದ ಉದ್ಘಾಟನೆ. ಕುರ್ಚಿ ತುಂಬಿಸಲು ಸಿಬ್ಬಂದಿಯೆಲ್ಲ ಸಮವಸ್ತ್ರದಲ್ಲಿ ಬರಬೇಕೆಂದು ಆದೇಶವಾಗಿತ್ತು, ಬಂದಿದ್ದೆವು. ನೀವು ಮಾತಿನ ನಡುವೆ ಕಣ್ಣೊರೆಸಿಕೊಂಡಿರಿ. “ಒಬ್ಬ ಕುಡುಕನಿಂದ ಮೂರು ಜೀವ ಹೋದದ್ದನ್ನು ನಾನು ಇನ್ನೂ ಮರೆತಿಲ್ಲ” ಎಂದಿರಿ. ಮೂರು ಜೀವದ ಲೆಕ್ಕದಲ್ಲಿ ಅಣ್ಣನನ್ನೂ ಸೇರಿಸಿಕೊಂಡಿರಿ! ಕೊಂದವನೂ ಅವನೇ, ನೀವು ಮರುಗಿದ್ದೂ ಅವನಿಗೇ. ನಾನು ಎದ್ದು ನಿಂತೆ. ಚೀಲದಿಂದ ವರದಿ ತೆಗೆದು, ಇಪ್ಪತ್ತೆರಡನೇ ಪುಟವನ್ನು ಟಿಕೆಟ್ ಕೂಗುವ ದನಿಯಲ್ಲಿ ಓದತೊಡಗಿದೆ. ಮೂರು ಸಾಲು ಮುಗಿದಿತ್ತು. ನೀವು ಸಿಟ್ಟಾಗಲಿಲ್ಲ. ಅದನ್ನು ಒಪ್ಪಬೇಕು, ನಿಮ್ಮ ಕಸುಬು ನಿಮಗೆ ಚೆನ್ನಾಗಿ ಬರುತ್ತದೆ. ನಕ್ಕು, ಕೈಯೆತ್ತಿ, ಮೈಕಿನಲ್ಲಿ ಹೇಳಿದಿರಿ: “ಈ ತಂಗಿಯ ನೋವು ನನಗೆ ಅರ್ಥವಾಗುತ್ತದೆ. ಜೊತೆಗೆ ದುಡಿದವರ ಮೇಲೆ ಅಭಿಮಾನ ಇರಬೇಕಾದ್ದೇ. ಕೂತ್ಕೊಳ್ಳಮ್ಮ, ನೀರು ಕುಡಿ.” ಚಪ್ಪಾಳೆ. ಯಾರೋ ನನಗೆ ನೀರಿನ ಬಾಟಲಿಯನ್ನೂ ತಂದುಕೊಟ್ಟರು.

ನನ್ನ ಪಕ್ಕದ ಕುರ್ಚಿಯಲ್ಲಿದ್ದವನೂ ಚಪ್ಪಾಳೆ ತಟ್ಟಿದ. ಅವನೇ ಆ ‘ನೋಡಲಾಗಿದೆ’ ಬರೆದ ಮೆಕ್ಯಾನಿಕ್. ಸಭೆ ಮುಗಿದ ಮೇಲೆ ಶೌಚಾಲಯದ ಗೋಡೆಯ ಬಳಿ ಅವನನ್ನು ತಡೆದೆ. “ನೀನೂ ತಟ್ಟಿದೆಯಲ್ಲೋ? ಬಿಡಿಭಾಗ ಬಂದಿಲ್ಲ ಅಂತ ನೀನೇ ಅಣ್ಣನ ಹತ್ರ ಅತ್ತಿದ್ದೆಯಲ್ಲೋ?”

ಅವನು ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತಾ ನಿಂತ. “ಮೊದಮೊದ್ಲು ಸುಳ್ಳು ಅಂತ ಗೊತ್ತಿತ್ತು ಅಕ್ಕ. ಕೇಳೀ ಕೇಳೀ, ಈಗೀಗ ನಂಗೇ ಅನ್ಸುತ್ತೆ, ಕುಡಿದಿರ್ಬಹುದೇನೋ ಅಂತ. ಹಂಗಂದ್ಕೊಂಡ್ರೆ ನಿದ್ದೆ ಬರುತ್ತೆ.” ನಾನು ಅವನನ್ನು ಹೊಡೆಯಬೇಕೆಂದುಕೊಂಡಿದ್ದೆ. ಹೊಡೆಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಮರುದಿನ ಇಪ್ಪತ್ತೆರಡನೇ ಪುಟದ ಪ್ರತಿಯೊಂದನ್ನು ಬಸ್ಸಿನೊಳಗೆ, ಚಾಲಕನ ಬೆನ್ನ ಹಿಂದಿನ ಗಾಜಿಗೆ ಅಂಟಿಸಿದೆ. ಸಂಜೆ ಡಿಪೋದಲ್ಲಿ ಕಿತ್ತರು. ಬೆಳಿಗ್ಗೆ ಮತ್ತೆ ಅಂಟಿಸಿದೆ. ಸುಳ್ಳನ್ನು ದಿನಾ ಹೇಳಬಹುದಾದರೆ ನಿಜವನ್ನು ದಿನಾ ಅಂಟಿಸಬಾರದೇ? ಮೊದಲ ವಾರ ಯಾರೂ ಓದಲಿಲ್ಲ. ಎರಡನೇ ವಾರ ಒಬ್ಬ ಹುಡುಗಿ ಓದಿ ಫೋಟೊ ತೆಗೆದುಕೊಂಡಳು. ನಾಲ್ಕನೇ ವಾರ ಒಂದು ದಿನ ಮೂರನೇ ಕಿಟಕಿ ಬೇರೆಯವರ ಪಾಲಾಗಿ, ಗುಮಾಸ್ತರು ಆ ಗಾಜಿನ ಮುಂದೆಯೇ ನಿಲ್ಲಬೇಕಾಯಿತು. ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಬಸ್ಸು ಇನ್ನೂ ನಿಲ್ದಾಣದಲ್ಲೇ ಇತ್ತು. ಹೊಸ ಚಾಲಕನ ಭುಜ ತಟ್ಟಿ ಕೇಳಿದರು: “ಬ್ರೇಕ್ ನೋಡ್ಸಿದೀರಾ?”

“ನೋಡಿದಾರಂತೆ ಸಾರ್.”

“ಅಂತೆ ಕಂತೆ ಬೇಡಪ್ಪ. ನೀವು ಒತ್ತಿ ನೋಡಿದ್ರಾ? ಹಿಡಿಯುತ್ತಾ?”

ಚಾಲಕ ನನ್ನ ಮುಖ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, “ಅಷ್ಟಕ್ಕಷ್ಟೇ ಸಾರ್” ಎಂದ. ಗುಮಾಸ್ತರು ಇಳಿದರು. ಅವರ ಹಿಂದೆ ಇನ್ನೂ ಹನ್ನೊಂದು ಜನ ಇಳಿದರು. ಸ್ವಲ್ಪ ಹೊತ್ತಿಗೆ ಚಾಲಕನೂ ಕೀಲಿ ತೆಗೆದುಕೊಂಡು ಇಳಿದ. ಆ ದಿನ ಏಳೂ ಹತ್ತರ ಬಸ್ಸು ಹೊರಡಲಿಲ್ಲ. ಅಪಘಾತಕ್ಕೂ ಮುಂಚಿನಿಂದ ಸಿಗದಿದ್ದ ಬಿಡಿಭಾಗಗಳು ಎರಡೇ ದಿನದಲ್ಲಿ ಸಿಕ್ಕವು. ಅದರ ಮರುದಿನ ನಿಮ್ಮ ಕಚೇರಿಯಿಂದ ಪತ್ರಿಕಾ ಹೇಳಿಕೆ: ‘ಬಸ್ಸುಗಳು ಸುಸ್ಥಿತಿಯಲ್ಲಿದ್ದು, ಪ್ರಯಾಣಿಕರು ವದಂತಿಗಳಿಗೆ ಕಿವಿಗೊಡಬಾರದು.’ ನನಗೆ ಬೇರೆಯದೇ ಕಾಗದ ಬಂತು. ಸರ್ಕಾರಿ ವಾಹನದಲ್ಲಿ ಅನಧಿಕೃತ ಬರಹ ಅಂಟಿಸಿದ್ದಕ್ಕೆ ಕಾರಣ ಕೇಳುವ ನೋಟಿಸು. ನಿಮ್ಮದೇ ಇಲಾಖೆಯ ವರದಿ ನಿಮ್ಮದೇ ಬಸ್ಸಿನಲ್ಲಿ ಅನಧಿಕೃತವಂತೆ! ಕಾರಣ ಬರೆದಿದ್ದೇನೆ: ಪ್ರಯಾಣಿಕರಿಗೆ ಓದು ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಗೆದ್ದೆನೆಂದುಕೊಳ್ಳಬಹುದಿತ್ತು. ಆದರೆ ಈ ಪತ್ರ ಬರೆಯುವಂತೆ ಮಾಡಿದ್ದು ಬಸ್ಸಲ್ಲ. ಹೋದ ವಾರ ಅತ್ತಿಗೆಯನ್ನು, ಅಂದರೆ ನಿಧಾನಣ್ಣನ ಹೆಂಡತಿಯನ್ನು, ನೋಡಲು ಹೋಗಿದ್ದೆ. ಅವರು ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಇನ್ನೂ ಕೆಲಸ ಮುಗಿದಿರಲಿಲ್ಲ, ನಾನೂ ಕೈಹಾಕಿದೆ. ಹಾಸಿಗೆಯ ದೊಡ್ಡ ದೊಡ್ಡ ಹೊದಿಕೆಗಳು. ಆ ತುದಿ ಅವರು, ಈ ತುದಿ ನಾನು. ಹಿಡಿದು, ಕೊಡವಿ, ಹತ್ತಿರ ಬಂದು, ಅಂಚಿಗೆ ಅಂಚು ಸೇರಿಸುವುದು. ಆರೇಳು ಮಡಿಸಿರಬೇಕು. ಹಾಗೆ ಹತ್ತಿರ ಬಂದಾಗ ಅಂಚು ನನ್ನ ಕೈಗಿಡದೆ ಕೇಳಿದರು: “ನಿಜ ಹೇಳು ತಂಗಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಅವತ್ತು ಅವ್ರು ಏನಾದ್ರೂ ತಗೊಂಡಿದ್ರಾ?”

ಇಪ್ಪತ್ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಉಸಿರಾಡಿದ ಹೆಂಡತಿ, ಸಚಿವರೇ. ಆ ಬೆಳಿಗ್ಗೆ ತಿಂಡಿ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದವರು.

“ಅತ್ತಿಗೆ, ವರದಿ ಓದಿ ಹೇಳಿದ್ದೆನಲ್ಲ? ರಕ್ತದಲ್ಲಿ ಏನೂ ಇರ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.”

“ಹೌದು, ನೀನು ಹೇಳಿದ್ದೆ” ಎಂದರು. ಹೊದಿಕೆಯ ಅಂಚು ಕೊಟ್ಟರು. ಇನ್ನೊಂದನ್ನು ಕೊಡವುತ್ತಾ, ನನ್ನನ್ನು ನೋಡದೆ ಅಂದರು: “ನಂಗೊತ್ತು ಕಣಮ್ಮ, ನಂಗೊತ್ತು. ಆದ್ರೆ ಅವ್ರು ಒಂದ್ಸಲ ಬಾಯಿಬಿಟ್ಟು ‘ಇಲ್ಲ’ ಅಂದಿದ್ರೆ ಮನಸ್ಸಿಗೆ ಸಮಾಧಾನ ಆಗ್ತಿತ್ತು.”

ಅವರೆಂದರೆ ನೀವು. ನನ್ನ ಸಾಕ್ಷಿ ಸಾಲದು, ವರದಿಯ ಮೊಹರು ಸಾಲದು. ತಮ್ಮದೇ ಇಪ್ಪತ್ನಾಲ್ಕು ವರ್ಷವೂ ಅತ್ತಿಗೆಗೆ ಸಾಲುತ್ತಿಲ್ಲ. ನೀವು ಕಟ್ಟಿದ ಸುಳ್ಳಿನ ಗಂಟನ್ನು ಬಿಚ್ಚಲೂ ನಿಮ್ಮದೇ ಬಾಯಿ ಬೇಕಂತೆ. ಹದಿನಾಲ್ಕು ತಿಂಗಳಲ್ಲಿ ನನಗೆ ಇಷ್ಟು ಸಿಟ್ಟು ಬಂದದ್ದು ಇದೊಂದೇ ಸಲ. ಯಾರದಾದರೂ ಮನೆಯೊಳಗೆ ಹೊಕ್ಕು ಗಂಡಹೆಂಡಿರ ನಡುವಿನ ನಂಬಿಕೆಯನ್ನು ಹೊತ್ತೊಯ್ದವರನ್ನು ಏನೆಂದು ಕರೆಯುತ್ತಾರೆ? ಕಾನೂನಿನ ಪುಸ್ತಕದಲ್ಲಿ ಅದಕ್ಕೊಂದು ಹೆಸರಿಲ್ಲ. ಇದ್ದಿದ್ದರೆ ನೀವು ಇಷ್ಟು ಹೊತ್ತಿಗೆ ಮಂತ್ರಿಯಾಗಿರುತ್ತಿರಲಿಲ್ಲ.

ಆದ್ದರಿಂದ ನಿಮ್ಮ ರಾಜೀನಾಮೆ ನನಗೆ ಬೇಡ. ನಿಮ್ಮ ಜಾಗಕ್ಕೆ ಬರುವವರೂ ಇದೇ ಮಾತನ್ನು ಮುಂದುವರಿಸುತ್ತಾರೆ; ಅಭ್ಯಾಸವಾಗಿ ಹೋಗಿದೆ. ತನಿಖೆ ಬೇಡ, ಅದಾಗಿದೆ. ಶ್ರದ್ಧಾಂಜಲಿಯಂತೂ ದಯವಿಟ್ಟು ಬೇಡ. ನನ್ನ ಬೇಡಿಕೆ ಎರಡು ಪದದ್ದು. ‘ಅವರು ಕುಡಿದಿರಲಿಲ್ಲ’ ಎಂದು ಹೇಳಿ. ಯಾವ ವೇದಿಕೆಯಲ್ಲಿ, ಯಾವ ಮೈಕಿನಲ್ಲಿ ಅದರ ವಿರುದ್ಧ ಹೇಳಿದ್ದಿರೋ ಅಲ್ಲೆಲ್ಲ, ಅಷ್ಟೇ ಸಲ, ಅಷ್ಟೇ ಗಟ್ಟಿಯಾಗಿ. ‘ತಪ್ಪು ಮಾಹಿತಿ ನೀಡಲಾಗಿತ್ತು’ ಎಂಬ ಬಾಲ ಸೇರಿಸಬೇಡಿ. ಮಾಹಿತಿ ನಿಮಗೆ ಯಾರೂ ನೀಡಿರಲಿಲ್ಲ, ನೀವೇ ನೀಡಿದ್ದು.

ಆದರೆ ಅದನ್ನು ಮೊದಲು ಹೇಳಬೇಕಾದ್ದು ಅತ್ತಿಗೆಗೆ. ಕ್ಯಾಮೆರಾದವರನ್ನು ಕರೆತರಬೇಡಿ. ಪಾಳಿ ಮುಗಿಸಿ ಸಂಜೆ ಐದರ ಹೊತ್ತಿಗೆ ಮನೆಯಲ್ಲಿರುತ್ತಾರೆ. ಡಿಪೋದ ಹಿಂದಿನ ಬೀದಿ, ಮೆಟ್ಟಿಲು ಹತ್ತಿದರೆ ಎಡಕ್ಕೆ ಎರಡನೇ ಬಾಗಿಲು. ಗಂಟೆ ಕೆಟ್ಟಿದೆ. ಬಾಗಿಲು ತಟ್ಟಿ, ತೆರೆಯುವವರೆಗೆ ಕಾಯಿರಿ.

ಇಂತಿ,
ನೋಟಿಸಿಗೆ ಉತ್ತರ ಕೊಟ್ಟು, ಮುಂದಿನದಕ್ಕಾಗಿ ಕಾಯುತ್ತಿರುವ,
ನೀವು ನೀರು ಕುಡಿಸಿ ಕೂರಿಸಿದ,
ಬೆಳಗಿನ ಏಳೂ ಹತ್ತರ ಬಸ್ಸಿನ ಕಂಡಕ್ಟರ್